ನಿಲ್ಲುವಂತಿಲ್ಲ

ಪ್ರವಾಸದ ಮೊದಲ ದಿನ ಟೇಲರಮ್ಮ ನೋಡಿದ್ದು ಮೂರು ಗೋಡೆಗಳನ್ನು. ಒಂದು, ವಸ್ತುಸಂಗ್ರಹಾಲಯದ ಹಿಂದಿನ ಗೋಡೆ. ಅಲ್ಲಿ ವಾಹನ ತೊಳೆಯಬಾರದೆಂದು ನಾಲ್ಕು ಭಾಷೆಗಳಲ್ಲಿ ಬರೆದಿತ್ತು. ಅದರ ಕೆಳಗೇ ಒಬ್ಬ ಆಸಾಮಿ ನೆಮ್ಮದಿಯಾಗಿ ವ್ಯಾನು ತೊಳೆಯುತ್ತಿದ್ದ. ಎರಡನೆಯದು ಹಳೆಯ ಅರಮನೆಯ ಕಾಂಪೌಂಡು. ಮೂರನೆಯದು ಯಾವುದರ ಗೋಡೆಯೆಂಬುದು ಅವಳಿಗೆ ಕೊನೆಗೂ ಗೊತ್ತಾಗಲಿಲ್ಲ. ಬಸ್ಸು ನಿಂತಲ್ಲೆಲ್ಲ ಉಳಿದ ಇಪ್ಪತ್ತಾರು ಜನ ದಡಬಡ ಇಳಿದು ಹೋಗುತ್ತಿದ್ದರು. ಟೇಲರಮ್ಮನೂ ಅವಳ ನಾದಿನಿಯೂ ಸೀಟಿನಲ್ಲೇ ಉಳಿಯುತ್ತಿದ್ದರು. ಗಾಲಿಕುರ್ಚಿ ಮಡಿಸಿಕೊಂಡು ಬಸ್ಸಿನ ಹೊಟ್ಟೆಯೊಳಗೆ, ಸೂಟ್‌ಕೇಸುಗಳ ಅಡಿಯಲ್ಲಿ ಬಿದ್ದಿತ್ತು.

"ಅಮ್ಮಾ, ಇಲ್ಲಿ ಮೆಟ್ಟಿಲು ಜಾಸ್ತಿ. ನೀವು ಆರಾಮಾಗಿ ಕೂತ್ಕೊಂಡಿರಿ, ಎಸಿ ಹಾಕಿಸ್ತೀನಿ" ಎಂದು ಪ್ರವಾಸದ ಮ್ಯಾನೇಜರು ಪ್ರತಿ ಸಲವೂ ಹೇಳುತ್ತಿದ್ದ. ಕುತ್ತಿಗೆಯಲ್ಲಿ ಸದಾ ಒಂದು ಸೀಟಿ ನೇತು ಹಾಕಿಕೊಂಡಿರುತ್ತಿದ್ದನಾದ್ದರಿಂದ ಬಸ್ಸಿನವರೆಲ್ಲ ಅವನಿಗೆ ಸೀಟಿ ಸಾರ್ ಎಂದು ಹೆಸರಿಟ್ಟಿದ್ದರು. ಕೆಟ್ಟವನೇನಲ್ಲ. ಎಲ್ಲರನ್ನೂ ಹೊತ್ತಿಗೆ ಸರಿಯಾಗಿ ಬಸ್ಸಿಗೆ ತುಂಬಬೇಕೆನ್ನುವ ಒಂದೇ ಚಿಂತೆಯ ಮನುಷ್ಯ.

ಟೇಲರಮ್ಮನಿಗೆ ಐವತ್ತಮೂರು. ನಾಲ್ಕು ವರ್ಷದ ಹಿಂದೆ ಅಟ್ಟದಿಂದ ಬಟ್ಟೆಯ ಗಂಟು ಇಳಿಸುವಾಗ ಏಣಿ ಜಾರಿ ಬಿದ್ದು ಬೆನ್ನುಮೂಳೆಗೆ ಪೆಟ್ಟಾಯಿತು. ಸೊಂಟದ ಕೆಳಗೆ ಆಮೇಲೆ ಸ್ವಾಧೀನ ಬರಲಿಲ್ಲ. ಮೂರು ತಿಂಗಳು ಗೋಡೆ ನೋಡುತ್ತ ಮಲಗಿದಳು. ನಾಲ್ಕನೇ ತಿಂಗಳು ಹೊಲಿಗೆ ಯಂತ್ರದ ಪೆಡಲು ಕಿತ್ತುಹಾಕಿಸಿ, ಮೋಟಾರಿನ ಗುಂಡಿಯನ್ನು ಮೊಣಕೈಯಿಂದ ಒತ್ತುವಂತೆ ಜೋಡಿಸಿಕೊಂಡಳು. ಆ ವರ್ಷವೇ ನೂರಾ ನಲವತ್ತು ಶಾಲಾ ಸಮವಸ್ತ್ರ ಹೊಲಿದು ಕೊಟ್ಟಳು. ಸಮುದ್ರದ ಊರಿಗೊಮ್ಮೆ ಹೋಗಬೇಕೆಂದು ಲಾರಿ ಓಡಿಸುವ ಗಂಡನಿಗೆ ಮೂರು ಸಲ ಹೇಳಿದ್ದಳು. "ಸಮುದ್ರ ಎಲ್ಲಿಗೆ ಓಡಿಹೋಗುತ್ತೆ? ನೋಡಿದ್ರಾಯ್ತು" ಎಂದಿದ್ದ. ನಾಲ್ಕನೇ ಸಲ ಅವನಿಗೆ ಹೇಳಲಿಲ್ಲ. ನಾದಿನಿಗೆ ಹೇಳಿದಳು.

ನಾದಿನಿ ಅಂದರೆ ಗಂಡನ ತಂಗಿ; ದೊಡ್ಡಾಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್. ದಿನಕ್ಕೆ ಐನೂರು ಜನರ ಜೊತೆ ಮಾತಾಡಿಯೂ ಮಾತು ಮುಗಿಯದವಳು. ಅತ್ತಿಗೆ ಎಂದರೆ ಪ್ರಾಣ, ಆದರೆ ಹೊಸ ಜಾಗವೆಂದರೆ ಎದೆ ಡವಡವ. ಬರುವಾಗ ಚೀಲದಲ್ಲಿ ಎರಡು ಟಾರ್ಚು, ಒಂದು ಹಗ್ಗ, ಒಂಬತ್ತು ಬಗೆಯ ಮಾತ್ರೆ ತುಂಬಿಕೊಂಡು ಬಂದಿದ್ದಳು.

ಸಂಜೆ ಲಾಡ್ಜಿಗೆ ಬಂದ ಮೇಲೆ ಇನ್ನೊಂದು ಪೀಕಲಾಟ. ಟೇಲರಮ್ಮ ಚೀಲದಿಂದ ಅಳತೆ ಟೇಪು ತೆಗೆದು ಬಚ್ಚಲುಮನೆಯ ಬಾಗಿಲಿಗೆ ಹಿಡಿದಳು. ಇಪ್ಪತ್ನಾಲ್ಕು ಇಂಚು. ಕುರ್ಚಿಯ ಅಗಲ ಇಪ್ಪತ್ತೈದು. ಒಂದಿಂಚಿನ ಸಲುವಾಗಿ ನಾದಿನಿ ಅವಳನ್ನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿ ದರದರ ಎಳೆದುಕೊಂಡು ಹೋಗಬೇಕಾಯಿತು. ಎಳೆಯುವಾಗ ಇಬ್ಬರಿಗೂ ನಗು ಬಂತು. ನಗು ನಿಂತ ಮೇಲೆ ಟೇಲರಮ್ಮ ಹೇಳಿದಳು:

"ನಾಳೆ ನಾನು ಬಸ್ ಹತ್ತಲ್ಲ ಕಣೇ."

"ಮತ್ತೆ? ರೂಮಲ್ಲೇ ಇರ್ತೀರಾ?"

"ನಾನು ಬಂದಿದ್ದು ಊರು ನೋಡೋಕೆ. ಬಸ್ ನಿಲ್ಲಿಸೋ ಜಾಗ ನೋಡೋಕಲ್ಲ. ನಾಳೆ ಆ ಲಾಂಚಿನಲ್ಲಿ ಆಚೆ ದಡಕ್ಕೆ ಹೋಗ್ತೀನಿ."

ಪ್ರವಾಸದ ಪಟ್ಟಿಯಲ್ಲಿ ಎರಡನೇ ದಿನಕ್ಕೆ ಅದೇ ಇತ್ತು: ಬಂದರಿನಿಂದ ಲಾಂಚು ಹತ್ತಿ ಆಚೆ ದಡದ ದೀಪಸ್ತಂಭಕ್ಕೆ ಹೋಗುವುದು. ಲಾಂಚಿಗೆ ಮೆಟ್ಟಿಲಿದೆ, ಅಮ್ಮನವರು ಬಸ್ಸಿನಲ್ಲೇ ಇರಲಿ ಎಂದು ಸೀಟಿ ಸಾರ್ ಆಗಲೇ ಹೇಳಿ ಮುಗಿಸಿದ್ದ.

"ದೀಪಸ್ತಂಭದಲ್ಲಿ ಏನಿದೆ ಅತ್ತಿಗೆ? ಅದೂ ಬರೀ ಮೆಟ್ಟಿಲೇ."

"ನಂಗೆ ದೀಪಸ್ತಂಭ ಬೇಡ. ಊರನ್ನ ನೀರಿನ ಮೇಲಿಂದ ನೋಡ್ಬೇಕು. ಅಂಗಿ ಹೊಲಿಯೋವಾಗ ಮೂಗಿನ ತುದೀಲಿ ಹೊಲಿಗೆ ಮಾತ್ರ ಕಾಣೋದು. ತೋಳುದ್ದ ದೂರ ಹಿಡಿದಾಗಲೇ ಅಂಗಿ ಕಾಣೋದು. ಇವತ್ತು ಇಡೀ ದಿನ ಹೊಲಿಗೆನೂ ಕಾಣಲಿಲ್ಲ, ಅಂಗಿನೂ ಕಾಣಲಿಲ್ಲ."

ಬೀಳಬಹುದು, ಕಳೆದುಹೋಗಬಹುದು, ಅಣ್ಣನಿಗೆ ಏನು ಉತ್ತರ ಹೇಳುವುದು ಎಂದು ನಾದಿನಿ ಅರ್ಧ ಗಂಟೆ ಹೇಳಿದಳು. ಟೇಲರಮ್ಮ ಎಲ್ಲ ಕೇಳಿಸಿಕೊಂಡು, "ಬೆಳಿಗ್ಗೆ ಏಳಕ್ಕೆ ಎಬ್ಬಿಸು" ಎಂದು ಹೊದ್ದುಕೊಂಡಳು.

ಬೆಳಿಗ್ಗೆ ಸೀಟಿ ಸಾರ್ ಬಾಯಿ ಬಾಯಿ ಬಿಟ್ಟ. "ಹಾಗೆಲ್ಲ ಆಗಲ್ಲ ಅಮ್ಮಾ. ಹೆಚ್ಚುಕಮ್ಮಿ ಆದ್ರೆ ನನ್ನ ತಲೆಗೆ ಬರುತ್ತೆ."

"ಬರದ ಹಾಗೆ ಬರೆದುಕೊಡ್ತೀನಿ" ಎಂದು ಟೇಲರಮ್ಮ ಅವನದೇ ಪೆನ್ನು ಇಸಿದುಕೊಂಡು, ಪಟ್ಟಿಯ ಹಿಂದೆ 'ನಾನು ನನ್ನ ಇಷ್ಟದಿಂದ ಹೋಗುತ್ತಿದ್ದೇನೆ' ಎಂದು ಬರೆದು ಸಹಿ ಹಾಕಿದಳು. ಅವನು ಕೈಚೆಲ್ಲಿದ. ತನ್ನ ಫೋನ್ ನಂಬರು ಬರೆದುಕೊಟ್ಟು, "ಐದು ಗಂಟೆಗೆ ಜೆಟ್ಟಿಯ ಗೇಟಿನ ಹತ್ತಿರ ಬಸ್ ಇರುತ್ತೆ. ದಯವಿಟ್ಟು ಐದಕ್ಕೆ" ಎಂದ.

ಲಾಡ್ಜಿನಿಂದ ಜೆಟ್ಟಿಗೆ ನಡೆದರೆ ಇಪ್ಪತ್ತು ನಿಮಿಷದ ದಾರಿ ಎಂದು ಕೌಂಟರಿನವನು ಹೇಳಿದ್ದ. ನಡೆಯುವವರ ಲೆಕ್ಕ ಅದು. ಆ ಊರಿನ ಫುಟ್‌ಪಾತು ಮೊಣಕಾಲೆತ್ತರ. ಹತ್ತಲು ದಾರಿಯಿದ್ದಲ್ಲಿ ಮೋಟಾರ್‌ಸೈಕಲ್ ನುಗ್ಗಬಾರದೆಂದು ಕಬ್ಬಿಣದ ಗೂಟ ನೆಟ್ಟಿದ್ದರು. ಟೇಲರಮ್ಮ ಮೊದಲ ಗೂಟದ ಸಂದಿಗೆ ಟೇಪು ಹಿಡಿದಳು, ಹತ್ತೊಂಬತ್ತು. ಎರಡನೆಯದಕ್ಕೆ ಹಿಡಿಯಲೇ ಇಲ್ಲ, ರಸ್ತೆಗಿಳಿದಳು. ಹಿಂದಿನಿಂದ ಹಾರ್ನು, ಪಕ್ಕದಿಂದ ಹಾರ್ನು. ನಾದಿನಿ ಕುರ್ಚಿ ತಳ್ಳುತ್ತ, ಬೈಯುವ ಡ್ರೈವರುಗಳಿಗೆಲ್ಲ ಟೆಲಿಫೋನಿನ ಮೆದುದನಿಯಲ್ಲಿ "ಸ್ವಲ್ಪ ತಾಳಿ, ಸ್ವಲ್ಪ ತಾಳಿ" ಎನ್ನುತ್ತಿದ್ದಳು.

ಆದರೂ ಊರು ಕಾಣತೊಡಗಿತು. ಒಂದೇ ಕಟ್ಟಡದಲ್ಲಿ ಕೆಳಗೆ ಬ್ರೆಡ್ಡಿನ ಅಂಗಡಿ, ಮೇಲೆ ನೃತ್ಯದ ಶಾಲೆ, ಅದರ ಮೇಲೆ ಹಡಗಿನ ಕಂಪನಿಯ ಆಫೀಸು. ಬಾಲ್ಕನಿಗಳಲ್ಲಿ ಒಣಹಾಕಿದ ಬಟ್ಟೆಗಳನ್ನು ನೋಡಿಯೇ ಟೇಲರಮ್ಮ ಯಾವ ಮನೆಯವರು ಯಾವ ಕಡೆಯವರೆಂದು ಊಹಿಸುತ್ತಿದ್ದಳು. ಒಂದು ಮನೆಯದು ಉದ್ದ ನಿಲುವಂಗಿ, ಇನ್ನೊಂದರದು ಅಡ್ಡಪಟ್ಟೆಯ ಲುಂಗಿ, ಮತ್ತೊಂದರದು ನಾವಿಕರ ಬಿಳಿ ಸಮವಸ್ತ್ರ. "ಆ ಕಾಲರ್ ನೋಡೇ, ಎಂಥ ಕೈಗೆಲಸ!" ಎಂದು ಮೇಲೆ ತೋರಿಸಿದಳು. ನಾದಿನಿಯೂ ಮೇಲೆ ನೋಡಿದಳು. ಅಷ್ಟರಲ್ಲಿ ಕುರ್ಚಿಯ ಮುಂದಿನ ಚಿಕ್ಕ ಗಾಲಿ ಚರಂಡಿಯ ಕಬ್ಬಿಣದ ಜಾಲರಿಗೆ ಇಳಿದು ಕಚ್ಚಿಕೊಂಡಿತು. ಟೇಲರಮ್ಮ ಮುಂದಕ್ಕೆ ಮುಗ್ಗರಿಸಿ ಹಿಡಿಕೆಗೆ ಜೋತುಬಿದ್ದಳು. 'ಟಕ್' ಎಂದು ಏನೋ ಮುರಿದ ಸದ್ದು.

ನಾದಿನಿ ಎಳೆದಳು, ನೂಕಿದಳು. ಗಾಲಿ ಜಪ್ಪಯ್ಯ ಅನ್ನಲಿಲ್ಲ. "ನಾನು ಬಡ್ಕೊಂಡೆ, ಬಡ್ಕೊಂಡೆ ಬೇಡ ಅಂತ! ವಾಪಸ್ ಹೋಗೋಣ ಅತ್ತಿಗೆ" ಎಂದು ನಡುರಸ್ತೆಯಲ್ಲಿ ಅಳಲು ಶುರುಮಾಡಿದಳು.

"ಅಳಬೇಡ, ವಾಪಸ್ ಹೋಗೋಕೂ ಗಾಲಿ ಬೇಕಲ್ವೇನೇ. ಮೊದಲು ಯಾರನ್ನಾದ್ರೂ ಕರಿ."

ಕರೆಯಬೇಕಾಗಲಿಲ್ಲ. ಅವರ ಹಿಂದೆಯೇ ಒಂದು ಕೈಗಾಡಿ ಬಂದು ನಿಂತಿತ್ತು, ದಾರಿಯಿಲ್ಲದೆ. ಗಾಡಿಯ ಮೇಲೆ ಗೋಣಿತಾಟು ಹೊದಿಸಿದ ಐಸಿನ ದಿಮ್ಮಿಗಳು. ಎಳೆಯುತ್ತಿದ್ದವನು ಅರವತ್ತರ ಹತ್ತಿರದವನು; ಒಣಕಲು ಮೈ, ಹಗ್ಗ ಉಜ್ಜಿ ಕಪ್ಪಾದ ಭುಜ. ಅವನು ಮೊದಲು ತನ್ನ ಭಾಷೆಯಲ್ಲಿ ಏನೋ ಹೇಳಿದ. ಇವರು ಕಣ್ಣು ಕಣ್ಣು ಬಿಟ್ಟರು. ನಾದಿನಿಯ ಅಳುವಿನಲ್ಲಿ ಒಂದೆರಡು ಮಾತು ಗುರುತು ಸಿಕ್ಕಿತೋ ಏನೋ, ಅವನ ಮುಖ ಅರಳಿತು.

"ನಿಮ್ದು ಈ ಭಾಷೆನಾ? ನನ್ ಹೆಂಡ್ತಿದೂ ಅದೇ. ನಂಗೆ ಸ್ವಲ್ಪ ಸ್ವಲ್ಪ ಬರುತ್ತೆ. ಬೈಗುಳ ಮಾತ್ರ ಪೂರ್ತಿ ಬರುತ್ತೆ."

ಗಾಡಿಯಿಂದ ಐಸು ಒಡೆಯುವ ಹಾರೆ ತಂದು ಜಾಲರಿಗೆ ಕೊಟ್ಟು ಮೀಟಿದ. ಗಾಲಿ ಹೊರಬಂತು, ಆದರೆ ಸೊಟ್ಟಗಾಗಿ ಓಲಾಡುತ್ತಿತ್ತು. ಅವನು ಬಗ್ಗಿ ನೋಡಿ, "ಬೇರಿಂಗ್ ಹೋಯ್ತು. ಬನ್ನಿ, ನನ್ ಹೆಂಡ್ತಿ ನೋಡ್ತಾಳೆ" ಎಂದ.

"ನಿನ್ನ ಹೆಂಡ್ತಿ ಏನು ನೋಡ್ತಾಳಪ್ಪಾ?"

"ಗಾಲಿ. ಈ ಪೇಟೆಯ ಎಲ್ಲಾ ಗಾಡಿ ಗಾಲಿ ಅವಳೇ ನೋಡೋದು."

ಎರಡು ಓಣಿ ದಾಟಿದರೆ ಅವಳ ಅಂಗಡಿ: ತಗಡಿನ ಮಾಡು, ಗೋಡೆ ತುಂಬ ನೇತು ಹಾಕಿದ ಗಾಲಿಗಳು, ನೆಲದ ತುಂಬ ಗ್ರೀಸು. ಗಾಲಿಯಮ್ಮ ದಪ್ಪ ಹೆಂಗಸು, ಗಂಡನ ಎರಡರಷ್ಟು. ಟೇಲರಮ್ಮನ ಮಾತು ಕೇಳಿದ್ದೇ ಸ್ಪ್ಯಾನರ್ ಕೆಳಗಿಟ್ಟಳು. "ಅಯ್ಯೋ ಅಕ್ಕಾ, ನಮ್ಮ ಮಾತು ಕಿವಿಗೆ ಬಿದ್ದು ಎಷ್ಟು ದಿನ ಆಗಿತ್ತು! ಇವರು ಮಾತಾಡೋದನ್ನ ನಂಬಬೇಡಿ, ಅದು ನಮ್ಮ ಭಾಷೆ ಅಲ್ಲ, ಅದಕ್ಕೆ ಮಾಡೋ ಅವಮಾನ."

ಟೇಲರಮ್ಮನನ್ನು ಮರದ ಪೆಟ್ಟಿಗೆಯ ಮೇಲೆ ಕೂರಿಸಿ, ಕುರ್ಚಿ ತಲೆಕೆಳಗು ಮಾಡಿ, ಚಿಕ್ಕ ಗಾಲಿ ಬಿಚ್ಚಿದಳು. ಅದೇ ಅಳತೆಯ ಬೇರಿಂಗು ಸಿಗಲಿಲ್ಲ. ಕೊನೆಗೆ ಎರಡೂ ಚಿಕ್ಕ ಗಾಲಿ ತೆಗೆದುಬಿಟ್ಟು, ಹಣ್ಣಿನ ತಳ್ಳುಗಾಡಿಗೆ ಹಾಕುವ ಒಂದಿಷ್ಟು ದೊಡ್ಡ ರಬ್ಬರ್ ಗಾಲಿಗಳನ್ನು ವಾಷರ್ ಕೊಟ್ಟು ಕೂರಿಸಿದಳು. "ಇದು ಇನ್ನು ಜಾಲರಿಗೆ ಇಳಿಯಲ್ಲ. ನೋಡೋಕೆ ಮಾತ್ರ ಸ್ವಲ್ಪ ರಾಕ್ಷಸನ ಥರ ಇದೆ."

"ಇರಲಿ ಬಿಡು. ಜನ ದಾರಿ ಬಿಡ್ತಾರೆ" ಎಂದಳು ಟೇಲರಮ್ಮ.

ಎಲ್ಲಿಗೆ ಹೊರಟಿದ್ದೀರೆಂದು ಕೇಳಿದಾಗ ಲಾಂಚಿನ ಮಾತು ಬಂತು. ಗಾಲಿಯಮ್ಮ ತಲೆಯಾಡಿಸಿದಳು. "ಆ ಜೆಟ್ಟಿಗೆ ಹದಿನಾಲ್ಕು ಮೆಟ್ಟಿಲು ಅಕ್ಕ. ಅಲೆ ಬಂದಾಗ ಪಾಚಿ ಬೇರೆ. ನಿಮ್ಮನ್ನ ಎತ್ಕೊಂಡು ಇಳಿಯೋಕೂ ಬಿಡಲ್ಲ."

ಟೇಲರಮ್ಮನ ಮುಖ ಒಂದು ಕ್ಷಣ ಕಂದಿತು. ಅಷ್ಟರಲ್ಲಿ ಗಾಡಿಯಣ್ಣ ತನ್ನ ಗಾಡಿಯ ಗೋಣಿತಾಟು ಸರಿಮಾಡುತ್ತ ಕೇಳಿದ: "ನನ್ ಐಸು ದಿನಾ ಆಚೆ ದಡಕ್ಕೆ ಹೋಗುತ್ತೆ. ಮೆಟ್ಟಿಲು ಇಳಿದು ಹೋಗುತ್ತಾ?"

ಎಲ್ಲರೂ ಅವನ ಕಡೆ ತಿರುಗಿದರು.

"ದೋಣಿಯಿಂದ ಮೀನು ಇಳಿಸೋ ಧಕ್ಕೆಯಿಂದ ಬಾರ್ಜ್ ಇದೆ. ಗಾಡಿ, ವ್ಯಾನು ಎಲ್ಲ ಅದರಲ್ಲೇ. ಮೆಟ್ಟಿಲಿಲ್ಲ, ಇಳಿಜಾರು. ನನ್ ಗಾಡಿ ಹೋಗೋ ಕಡೆ ನಿಮ್ಮ ಕುರ್ಚಿ ಹೋಗಲ್ವಾ?"

ಅಲ್ಲಿಂದ ಮುಂದಿನ ದಾರಿಯೇ ಬೇರೆ. ಗಾಡಿಯಣ್ಣ ಮುಂದೆ, ಕುರ್ಚಿ ಹಿಂದೆ. ದೊಡ್ಡ ರಸ್ತೆ ಬಿಟ್ಟು ಅವನು ಗೋದಾಮುಗಳ ಸಾಲಿನ ಹಿಂದಿನ ಓಣಿ ಹಿಡಿದ. ಗಾಡಿಗಳು ತಲೆಮಾರುಗಟ್ಟಲೆ ಓಡಾಡಿ ಕಲ್ಲುಹಾಸೇ ನುಣುಪಾಗಿತ್ತು. ಏರು ಬಂದಲ್ಲಿ ಯಾರೋ ಸಿಮೆಂಟಿನ ಪಟ್ಟಿ ಎಳೆದಿದ್ದರು, ಹೊಸ್ತಿಲಿದ್ದಲ್ಲಿ ಹಲಗೆ ಒಗೆದಿದ್ದರು. ಒಂದು ಗೋದಾಮಿನೊಳಗಿಂದಲೇ ಹಾದುಹೋದರು. ಒಳಗೆ ಮೆಣಸಿನ ಘಾಟು, ಆಚೆ ಬಾಗಿಲಲ್ಲಿ ಹಗ್ಗದ ವಾಸನೆ. ಎದುರಿಂದ ಬರುವ ಗಾಡಿಯವರು ಒಂದೊಂದು ಭಾಷೆಯಲ್ಲಿ ಕೂಗುತ್ತಿದ್ದರು, ಗಾಡಿಯಣ್ಣ ಅದೇ ಭಾಷೆಯಲ್ಲಿ ತಿರುಗಿ ಕೂಗುತ್ತಿದ್ದ. ಹೊಸ ಗಾಲಿಗಳು ಹಗುರಾಗಿ ಉರುಳುತ್ತಿದ್ದುದರಿಂದ ಟೇಲರಮ್ಮ ನಾದಿನಿಗೆ ಕೈಬಿಡಲು ಹೇಳಿ ತಾನೇ ಚಕ್ರ ತಿರುಗಿಸಿಕೊಂಡು ಹೊರಟಳು. ಒಂದಿಳಿಜಾರಿನಲ್ಲಿ ಕುರ್ಚಿ ಗಾಡಿಯನ್ನೇ ಹಿಂದೆ ಹಾಕಿತು.

"ಅತ್ತಿಗೇ! ಬ್ರೇಕು! ಬ್ರೇಕು!" ನಾದಿನಿ ಓಡಿಬಂದಳು.

"ಗೊತ್ತು ಕಣೇ!" ಟೇಲರಮ್ಮ ನಗುತ್ತಿದ್ದಳು.

ಧಕ್ಕೆಗೆ ತಲುಪಿದಾಗ ಹನ್ನೊಂದೂವರೆ. ಚಪ್ಪಟೆ ತಳದ ದೊಡ್ಡ ಬಾರ್ಜು ತನ್ನ ಕಬ್ಬಿಣದ ಬಾಯಿಯನ್ನು ದಡದ ಮೇಲಿಟ್ಟುಕೊಂಡು ಕಾಯುತ್ತಿತ್ತು. ಗಾಡಿಗಳು ಒಂದೊಂದಾಗಿ ಒಳಗೆ ಹೋಗುತ್ತಿದ್ದವು. ಪಕ್ಕದ ಗೂಡಿನಲ್ಲಿ ಟಿಕೆಟಿನ ಗುಮಾಸ್ತ.

"ಇಬ್ಬರಿಗೆ ಆಚೆ ದಡಕ್ಕೆ" ಎಂದಳು ಟೇಲರಮ್ಮ.

ಗುಮಾಸ್ತ ಕನ್ನಡಕದ ಮೇಲಿಂದ ನೋಡಿದ. "ಜನ ಆ ಜೆಟ್ಟಿಯಿಂದ ಹೋಗ್ಬೇಕು. ಇಲ್ಲಿ ಗಾಡಿ, ಸರಕು ಮಾತ್ರ." ಆ ಊರಿನಲ್ಲಿ ನಾಲ್ಕು ಭಾಷೆ ಬಾರದವನು ಗುಮಾಸ್ತನಾಗುವುದಿಲ್ಲವಂತೆ, ಅವನು ಇವರ ಮಾತಿನಲ್ಲೇ ಉತ್ತರ ಕೊಟ್ಟ.

"ಅಲ್ಲಿ ಮೆಟ್ಟಿಲಿದೆ ಸ್ವಾಮಿ."

"ಅದಕ್ಕೆ ನಾನೇನು ಮಾಡ್ಲಿ?" ಅವನು ಕುರ್ಚಿಯನ್ನು ಮೇಲಿಂದ ಕೆಳಗೆ ನೋಡಿದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಇರಬೇಕು, ದನಿ ಇಳಿಸಿ ಹೇಳಿದ: "ಒಂದು ಕೆಲಸ ಮಾಡ್ಬಹುದು. ಕೈಗಾಡಿ ಒಂದು, ಸರಕು ಸಮೇತ ಅಂತ ಚೀಟಿ ಹರೀತೀನಿ. ಯಾರಿಗೂ ಗೊತ್ತಾಗಲ್ಲ. ಸುಮ್ನೆ ಹೋಗಿಬಿಡಿ."

ನಾದಿನಿ ಒಪ್ಪಿಯೇಬಿಟ್ಟಿದ್ದಳು, ಕೈಯನ್ನೂ ಚಾಚಿದ್ದಳು. ಟೇಲರಮ್ಮ ಅವಳ ಕೈ ತಡೆದಳು.

"ಬೇಡ."

"ಅತ್ತಿಗೆ, ಹೇಗೋ ಹೋದ್ರಾಯ್ತಲ್ಲ..."

"ಹೇಗೋ ಹೋಗೋದಾದ್ರೆ ನಿನ್ನೆ ಬಸ್ಸಲ್ಲಿ ಹೋದೆನಲ್ಲ, ಸೂಟ್‌ಕೇಸಿನ ಹಾಗೆ." ಗುಮಾಸ್ತನ ಕಡೆ ತಿರುಗಿದಳು. "ನಾನು ಸರಕಲ್ಲ ಸ್ವಾಮಿ, ಪ್ರಯಾಣಿಕಳು. ಪ್ರಯಾಣಿಕರ ಟಿಕೆಟ್ ಕೊಡಿ. ಎರಡು."

"ಪ್ರಯಾಣಿಕರ ಟಿಕೆಟ್ ಇಲ್ಲಿ ಕೊಡೋಕಾಗಲ್ಲ."

"ಹಾಗಾದ್ರೆ ಕೊಡೋಕಾಗೋ ತನಕ ಇಲ್ಲೇ ಇರ್ತೀನಿ. ನಂಗೆ ಕಾಲು ನೋವು ಬರಲ್ಲ."

ಕುರ್ಚಿಯನ್ನು ಗೂಡಿನ ಮುಂದೆಯೇ ತಿರುಗಿಸಿ ಬ್ರೇಕು ಹಾಕಿದಳು. ಗಾಡಿಯಣ್ಣ ಇಬ್ಬರನ್ನೂ ನೋಡಿದ, ಗಾಡಿಯನ್ನೂ ನೋಡಿದ. ಗೋಣಿತಾಟಿನಿಂದ ನೀರು ಧಾರೆಯಾಗಿ ಸುರಿಯುತ್ತಿತ್ತು. "ನೀನು ಹೋಗಪ್ಪ, ನಿನ್ನ ಐಸು ಕಾಯಲ್ಲ" ಎಂದು ಟೇಲರಮ್ಮನೇ ಅವನನ್ನು ಕಳಿಸಿದಳು. ಅವನು ಗಾಡಿ ಎಳೆದುಕೊಂಡು ಬಾರ್ಜು ಹತ್ತಿದ. ಕಬ್ಬಿಣದ ಬಾಯಿ ಮೇಲೆದ್ದಿತು. ಬಾರ್ಜು ಅವರನ್ನು ಬಿಟ್ಟು ಹೊರಟುಹೋಯಿತು.

ಅದು ಹೋಗಿ ಬರಲು ಒಂದು ಗಂಟೆ. ಬಿಸಿಲು ನೆತ್ತಿಗೇರಿತು. ನಾದಿನಿ ಕೊಡೆ ಹಿಡಿದು ನಿಂತಳು. ಗುಮಾಸ್ತ ಎರಡು ಸಲ ಹೊರಬಂದು "ಹೋಗಿ ತಾಯಿ" ಎಂದ. ಮೂರನೇ ಸಲ ಬಂದು ಕುಡಿಯಲು ನೀರು ಕೊಟ್ಟ. ಟೇಲರಮ್ಮ ನೀರು ಕುಡಿದು, "ಒಳ್ಳೆಯದಾಗಲಿ. ಟಿಕೆಟ್?" ಎಂದಳು. ಅವನು ಮತ್ತೆ ಗೂಡಿನೊಳಗೆ ಹೋದ.

ನಿಜ ಹೇಳಬೇಕೆಂದರೆ ಆ ಒಂದು ಗಂಟೆಯಲ್ಲಿ ಅವಳಿಗೆ ಹೆದರಿಕೆಯಾಗಿತ್ತು. ಬೆನ್ನು ಸುಡುತ್ತಿತ್ತು. ಕುರ್ಚಿಯಲ್ಲಿ ಇಷ್ಟು ಹೊತ್ತು ಒಂದೇ ಸಮನೆ ಕೂತಿದ್ದು ಕಡಿಮೆ. ಆಗಾಗ ಕೈಯೂರಿ ಮೈಯನ್ನು ಎತ್ತಿ ಇಳಿಸುತ್ತಿದ್ದಳು. ಸರಕಿನ ಚೀಟಿ ತೆಗೆದುಕೊಂಡಿದ್ದರೆ ಈ ಹೊತ್ತಿಗೆ ನೀರಿನ ಮೇಲೆ ಇರುತ್ತಿದ್ದೆ, ನನ್ನ ಹಟ ಹೆಚ್ಚಾಯಿತೇ ಎಂದೂ ಅನ್ನಿಸಿತು. ಅನ್ನಿಸಿದ್ದನ್ನು ನಾದಿನಿಗೆ ಹೇಳಲಿಲ್ಲ. ನಾದಿನಿ ಮಾತ್ರ ಅಷ್ಟು ಹೊತ್ತು ಬಾಯಿ ಬಿಡದೆ ನಿಂತಿದ್ದಳು. ಅವಳ ಜೀವಮಾನದಲ್ಲೇ ಅದೊಂದು ದಾಖಲೆ.

ಬಾರ್ಜು ಮರಳಿತು. ಖಾಲಿ ಗಾಡಿಯ ಜೊತೆ ಗಾಡಿಯಣ್ಣ ಇಳಿದ. ಅವನ ಹಿಂದೆ ಎಣ್ಣೆಯ ಕಲೆಯ ಟೋಪಿ ಹಾಕಿಕೊಂಡ, ಬಿಳಿ ಗಡ್ಡದ ಆಸಾಮಿ. ಬಾರ್ಜು ನಡೆಸುವ ಕಪ್ತಾನ. ದಾರಿಯುದ್ದಕ್ಕೂ ಗಾಡಿಯಣ್ಣ ಅವನ ತಲೆ ತಿಂದಿದ್ದನೆಂದು ಕಾಣುತ್ತದೆ.

"ನನ್ನ ಬಾರ್ಜಿಗೆ ಅಡ್ಡ ಕೂತವರು ಯಾರು?" ಕಪ್ತಾನನೂ ಇವರ ಮಾತಿನಲ್ಲೇ ಕೇಳಿದ. ಗುಮಾಸ್ತ ಓಡಿಬಂದು ಗೋಡೆಯ ಮೇಲಿನ ಹಲಗೆ ತೋರಿಸಿದ. "ನಿಯಮ ಇಲ್ಲಿದೆ ಸಾರ್, ನಾನು ಮಾಡಿದ್ದಲ್ಲ."

ಹಲಗೆಯಲ್ಲಿ ನಾಲ್ಕು ಭಾಷೆಗಳಲ್ಲಿ ಬರೆದಿತ್ತು. ಟೇಲರಮ್ಮ ತನ್ನ ಭಾಷೆಯ ಸಾಲನ್ನು ಗಟ್ಟಿಯಾಗಿ ಓದಿದಳು: "ಗಾಡಿಗಳ ಡೆಕ್ಕಿನ ಮೇಲೆ ಪ್ರಯಾಣಿಕರು ನಿಲ್ಲುವಂತಿಲ್ಲ." ಓದಿ ಕಪ್ತಾನನ ಕಡೆ ನೋಡಿದಳು. "ನಾನೆಲ್ಲಿ ನಿಲ್ತೀನಿ ಕಪ್ತಾನ್ರೇ? ನಾಲ್ಕು ವರ್ಷದಿಂದ ನಿಂತೇ ಇಲ್ಲ."

ಗಾಡಿಯಣ್ಣ ನಕ್ಕ. ಗುಮಾಸ್ತನ ಮುಖ ಕೆಂಪಾಯಿತು. "ಸಾರ್, ಬೇರೆ ಮೂರು ಭಾಷೇಲಿ 'ಇರುವಂತಿಲ್ಲ' ಅಂತಲೇ ಇದೆ!"

"ನಂಗೆ ಬರೋದು ಇದೊಂದೇ ಭಾಷೆ" ಎಂದಳು ಟೇಲರಮ್ಮ.

ಕಪ್ತಾನ ಟೋಪಿ ತೆಗೆದು ತಲೆ ಕೆರೆದುಕೊಂಡ. ನಗಲಿಲ್ಲ, ಕುರ್ಚಿಯ ಸುತ್ತ ಒಂದು ಸುತ್ತು ಬಂದು, ಬ್ರೇಕು ಒತ್ತಿ ನೋಡಿ, ದಪ್ಪ ಗಾಲಿಗಳನ್ನು ಕಾಲಿನಿಂದ ತಟ್ಟಿದ. "ನೋಡಿ ತಾಯಿ. ನಿಯಮ ಇರೋದು ಯಾಕೆ ಗೊತ್ತಾ? ಅಲೆ ಹೊಡೆದಾಗ ನಿಂತವರು ಗಾಡಿಗಳ ಮಧ್ಯೆ ಬೀಳ್ತಾರೆ. ಒಂದು ಸಲ ಒಬ್ಬನ ಕಾಲು ಹೋಯ್ತು, ನನ್ನ ಕಣ್ಣೆದುರೇ. ನಿಮ್ಮ ಕುರ್ಚಿನ ನೆಲದ ಕಬ್ಬಿಣದ ಬಳೆಗೆ ಹಗ್ಗದಿಂದ ಬಿಗೀತೀನಿ. ಇವರೂ ಕೂತಿರಬೇಕು, ಏಳಬಾರದು. ಒಪ್ಪಿಗೆನಾ?"

"ಒಪ್ಪಿಗೆ. ಹಗ್ಗ ನಮ್ಮ ಹತ್ರಾನೇ ಇದೆ" ಎಂದು ನಾದಿನಿ ಚೀಲಕ್ಕೆ ಕೈಹಾಕಿದಳು.

"ಇಬ್ಬರಿಗೂ ಪ್ರಯಾಣಿಕರ ಟಿಕೆಟ್ ಕೊಡಯ್ಯಾ" ಎಂದ ಕಪ್ತಾನ. ಗುಮಾಸ್ತನಲ್ಲಿ ಆ ಪುಸ್ತಕವೇ ಇರಲಿಲ್ಲ. ಬಿಳಿ ಹಾಳೆಯ ಮೇಲೆ 'ಪ್ರಯಾಣಿಕರು, ಇಬ್ಬರು' ಎಂದು ಬರೆದು ಮೊಹರು ಒತ್ತಿದ. ಟೇಲರಮ್ಮ ಅದನ್ನು ಎರಡು ಸಲ ಓದಿ ಮಡಿಸಿ ಇಟ್ಟುಕೊಂಡಳು.

ಗಾಡಿಯಣ್ಣನ ಐಸಿನ ಎರಡನೇ ಹೇರು ಕಾಯುತ್ತಿತ್ತು. ಅವನು ಖಾಲಿ ಗಾಡಿಯ ನೊಗ ಹಿಡಿದು, ಹೆಂಡತಿಯಿಂದ ಕಲಿತ ಒಂದು ಬೈಗುಳವನ್ನು ಪ್ರೀತಿಯಿಂದ ಸಮುದ್ರಕ್ಕೆ ಬೈದು ಹೊರಟ. ಅದು ಎಂಥ ಬೈಗುಳವೆಂದು ತಿಳಿದ ಇಬ್ಬರು ಹೆಂಗಸರೂ ಬಾಯಿಗೆ ಕೈ ಅಡ್ಡ ಹಿಡಿದರು.

ಒಂದು ಮೀನಿನ ವ್ಯಾನು, ಎರಡು ಕೈಗಾಡಿಗಳ ನಡುವೆ, ಹಿಂದಿನ ಅಂಚಿನ ಬಳಿ, ಊರಿಗೆ ಮುಖ ಮಾಡಿ ಕುರ್ಚಿಯನ್ನು ಬಿಗಿದರು. ನಾದಿನಿ ಮಗುಚಿದ ಮೀನಿನ ಬುಟ್ಟಿಯ ಮೇಲೆ ಕೂತಳು. ಬಾರ್ಜು ದಡ ಬಿಟ್ಟು ಐದು ನಿಮಿಷಕ್ಕೆ ಅವಳ ಹೊಟ್ಟೆ ತೊಳಸತೊಡಗಿತು. ಒಂಬತ್ತು ಬಗೆಯ ಮಾತ್ರೆಗಳಲ್ಲಿ ಇದಕ್ಕೆ ಒಂದೂ ಇರಲಿಲ್ಲ. "ನೀವು ನೋಡಿ ಅತ್ತಿಗೆ, ನನ್ನ ಪಾಲಿನದನ್ನೂ ನೀವೇ ನೋಡಿ" ಎಂದು ಕಣ್ಣು ಮುಚ್ಚಿ ಅತ್ತಿಗೆಯ ತೊಡೆಗೆ ತಲೆ ಒರಗಿಸಿದಳು.

ಟೇಲರಮ್ಮ ನೋಡಿದಳು. ಮೊದಲು ಧಕ್ಕೆ ಚಿಕ್ಕದಾಯಿತು, ಗುಮಾಸ್ತನ ಗೂಡು ಬೆಂಕಿಪೆಟ್ಟಿಗೆಯಷ್ಟಾಯಿತು. ಆಮೇಲೆ ಗೋದಾಮುಗಳ ಸಾಲು, ಅದರ ಹಿಂದೆ ಬಾಲ್ಕನಿಗಳು, ಬಣ್ಣ ಬಣ್ಣದ ಚುಕ್ಕೆಗಳಾದ ಬಟ್ಟೆಗಳು. ಅದರ ಹಿಂದೆ ಗುಮ್ಮಟಗಳು, ಗೋಪುರಗಳು, ಶಿಲುಬೆಯ ತುದಿ, ಬಂದರಿನ ಕ್ರೇನುಗಳು, ಗಾಜಿನ ಉದ್ದುದ್ದ ಕಟ್ಟಡಗಳು. ಹತ್ತಿರದಿಂದ ಒಂದಕ್ಕೊಂದು ಮೈ ಉಜ್ಜುತ್ತ ಜಗಳಕ್ಕೆ ನಿಂತಂತಿದ್ದ ಅವೆಲ್ಲ ಇಲ್ಲಿಂದ ಒಂದೇ ದಂಡೆಯ ಮೇಲೆ, ಒಂದೇ ಬಿಸಿಲಿನಲ್ಲಿ ಸಾಲಾಗಿ ಕೂತಿದ್ದವು. ಬೆಳಿಗ್ಗೆ ತಾನು ಉರುಳಿ ಬಂದ ಇಳಿಜಾರನ್ನು ಅವಳು ಹುಡುಕಿದಳು. ಸಿಕ್ಕಿತು, ಎರಡು ಗೋದಾಮುಗಳ ಮಧ್ಯೆ ದಾರದೆಳೆಯಷ್ಟು ಬಿಳಿ ಗೆರೆ. ಅಲೆಯೊಂದು ಅಂಚಿಗೆ ಬಡಿದು ಉಪ್ಪುನೀರು ಮುಖಕ್ಕೆ ಸಿಡಿಯಿತು. ಅವಳು ಒರೆಸಿಕೊಳ್ಳಲಿಲ್ಲ. ಬಿದ್ದಂದಿನಿಂದ ಯಾರ ಮುಂದೆಯೂ ಅತ್ತವಳಲ್ಲ. ಈಗ ಅತ್ತರೂ ಯಾರಿಗೂ ತಿಳಿಯುವ ಹಾಗಿರಲಿಲ್ಲ.

ಆಚೆ ದಡದಲ್ಲಿ ಸೀಟಿ ಸಾರ್ ದೀಪಸ್ತಂಭದ ಬುಡದಲ್ಲಿ ತಲೆ ಎಣಿಸುತ್ತಿದ್ದ. ಮೀನಿನ ವ್ಯಾನಿನ ಹಿಂದಿನಿಂದ ದಪ್ಪ ಗಾಲಿಯ ಕುರ್ಚಿಯೊಂದು ತಾನಾಗಿ ಉರುಳಿಕೊಂಡು ಬರುವುದನ್ನು ಕಂಡು ಅವನ ಬಾಯಿಂದ ಸೀಟಿ ಜಾರಿ ಎದೆಗೆ ಬಿತ್ತು. "ಅಮ್ಮಾ! ನೀವು... ಹೇಗೆ..."

"ಟಿಕೆಟ್ ತಗೊಂಡು" ಎಂದಳು ಟೇಲರಮ್ಮ.

ಗುಂಪಿನಲ್ಲಿ ನಿವೃತ್ತ ಮೇಷ್ಟರೊಬ್ಬರಿದ್ದರು, ಹೆಂಡತಿಯ ಜೊತೆ ಬಂದಿದ್ದರು. ಇಬ್ಬರಿಗೂ ಮಂಡಿನೋವು. ಜೆಟ್ಟಿಯ ಮೆಟ್ಟಿಲು ಇಳಿದು ಹತ್ತಿ ಸಾಕುಸಾಕಾಗಿ, ಲಾಂಚಿನಲ್ಲಿ ವಾಪಸು ಹೋಗುವುದು ಹೇಗೆಂದು ಕಲ್ಲುಬೆಂಚಿನ ಮೇಲೆ ಚಿಂತೆ ಮಾಡುತ್ತಿದ್ದರು. ಮೇಷ್ಟರು ಕೋಲೂರಿಕೊಂಡು ಬಂದು ಮೆಲ್ಲಗೆ ಕೇಳಿದರು: "ತಾಯಿ, ನೀವು ಬಂದ ಕಡೆ ಮೆಟ್ಟಿಲು ಇದೆಯಾ?"

"ಇಲ್ಲ ಮೇಷ್ಟ್ರೇ. ಆದ್ರೆ ಮೀನಿನ ಬುಟ್ಟಿ ಮೇಲೆ ಕೂತ್ಕೋಬೇಕು."

"ಕೂತ್ಕೋತೀವಿ" ಎಂದರು ಮೇಷ್ಟರ ಹೆಂಡತಿ, ಗಂಡ ಬಾಯಿ ತೆರೆಯುವ ಮೊದಲೇ.

ಸಂಜೆ ನಾಲ್ಕರ ಬಾರ್ಜಿನಲ್ಲಿ ನಾಲ್ವರು ಪ್ರಯಾಣಿಕರು ಮರಳಿದರು. ಐದಕ್ಕೆ ಹತ್ತು ನಿಮಿಷ ಇರುವಾಗಲೇ ಬಸ್ಸಿನ ಬಳಿಯಿದ್ದರು. ಲಾಂಚಿನವರು ಬಂದದ್ದು ಐದೂಕಾಲಿಗೆ.

ಮಾರನೆಯ ದಿನ ಯಾವ ಕಾರ್ಯಕ್ರಮವೂ ಇರಲಿಲ್ಲ. ಅವರವರ ಇಷ್ಟಕ್ಕೆ ಬಿಟ್ಟ ದಿನ. ನಾದಿನಿಯ ಮೈ ಕೆಂಡದಂತೆ ಕಾದಿತ್ತು. ಬಿಸಿಲು, ಹೊಟ್ಟೆ ತೊಳಸಿದ್ದು, ಹೆದರಿಕೆ, ಎಲ್ಲ ಸೇರಿ ಅವಳನ್ನು ಹಾಸಿಗೆಗೆ ಒಗೆದಿದ್ದವು. ಟೇಲರಮ್ಮ ಗಂಜಿ ತರಿಸಿ ಕುಡಿಸಿ, ಮಾತ್ರೆ ನುಂಗಿಸಿ, ಹಣೆಗೆ ಒದ್ದೆ ಬಟ್ಟೆ ಹಾಕಿದಳು. ಹತ್ತು ಗಂಟೆಗೆ ಜ್ವರ ಇಳಿಯಿತು. ನಾದಿನಿ ಕಣ್ಣು ಬಿಟ್ಟಾಗ ಅತ್ತಿಗೆ ತಲೆ ಬಾಚಿ ಸಿದ್ಧಳಾಗಿ ಕುರ್ಚಿಯಲ್ಲಿದ್ದಳು.

"ಎಲ್ಲಿಗೆ?"

"ಬಟ್ಟೆ ಪೇಟೆಗೆ. ಗೋದಾಮಿನ ಓಣಿಯಿಂದ ಎಡಕ್ಕೆ ಹೋದ್ರೆ ಸಿಗುತ್ತಂತೆ. ಗಾಲಿಯಮ್ಮನ್ನ ಫೋನಲ್ಲಿ ಕೇಳ್ದೆ."

"ಒಬ್ಬರೇನಾ?" ನಾದಿನಿ ಏಳಲು ನೋಡಿದಳು, ತಲೆ ಸುತ್ತಿ ಮತ್ತೆ ದಿಂಬಿಗೆ ಬಿದ್ದಳು. ಬಿದ್ದಲ್ಲಿಂದಲೇ ಬಾಗಿಲನ್ನು, ಕುರ್ಚಿಯನ್ನು, ಅತ್ತಿಗೆಯ ಮುಖವನ್ನು ನೋಡಿದಳು. ಬೇಡ ಎನ್ನಲು ತೆರೆದ ಬಾಯಿಯಿಂದ ಬೇರೆಯೇ ಮಾತು ಬಂತು: "ಫೋನು ಚಾರ್ಜ್ ಇದೆಯಾ?"

"ಇದೆ."

"ಸರಿ. ನಂಗೆ ಒಂದು ಅಂಗಿ ಬಟ್ಟೆ ತನ್ನಿ. ನೀಲಿ. ತೀರಾ ಗಾಢ ಬೇಡ."

ಟೇಲರಮ್ಮ ಬಾಗಿಲನ್ನು ಹಿಂದಿನಿಂದ ಮೆಲ್ಲಗೆ ಎಳೆದುಕೊಂಡಳು. ಲಾಡ್ಜಿನ ಮುಂದಿನ ಒಂದು ಮೆಟ್ಟಿಲಿಗೆ ಕೌಂಟರಿನವನು, ಅವಳು ಕೇಳಿದ್ದಕ್ಕೆ, ಹಲಗೆ ಹಾಸಿಕೊಟ್ಟ. ನಾಲ್ಕು ವರ್ಷದಲ್ಲಿ ಹಿಂದೆ ಯಾರ ಕೈಯೂ ಇಲ್ಲದೆ ಅವಳು ಬೀದಿಗಿಳಿದದ್ದು ಅದೇ ಮೊದಲು. ಬೆನ್ನ ಹಿಂದೆ ಒಂಥರಾ ಖಾಲಿ ಖಾಲಿ ಅನ್ನಿಸಿತು, ಚಳಿಯಲ್ಲಿ ಶಾಲು ತೆಗೆದ ಹಾಗೆ. ಎದುರಿಗೆ ಟ್ರಕ್ಕೊಂದು ಹಾರ್ನು ಹೊಡೆಯಿತು. ಅದು ಹಾದುಹೋಗುವ ತನಕ ಕಾದು, ಎರಡೂ ಚಕ್ರಗಳ ಮೇಲೆ ಕೈಯಿಟ್ಟು ಬಲವಾಗಿ ತಳ್ಳಿದಳು.

ಮೂರು ಗಂಟೆಯ ಹೊತ್ತಿಗೆ ಬಟ್ಟೆ ಪೇಟೆಯ ಏಳನೇ ಅಂಗಡಿಯಲ್ಲಿದ್ದಳು. ಅಂಗಡಿಯವನಿಗೆ ಅವಳ ಭಾಷೆ ಬರುತ್ತಿರಲಿಲ್ಲ, ಅವಳಿಗೆ ಅವನದು. ಅವನು ಥಾನಿನ ಮೇಲೆ ಥಾನು ಬಿಚ್ಚಿ ಹರಡಿದ. ಅವಳು ಬಟ್ಟೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ, ಅಂಚು ಬೆಳಕಿಗೆ ಹಿಡಿದು, ಎರಡರಲ್ಲಿ ಪಾಲಿಯೆಸ್ಟರ್ ಬೆರೆತಿದೆಯೆಂದು ತಲೆಯಾಡಿಸಿದಳು. ಅವನು ಅವಳ ಕೈಬೆರಳಿನ ಸೂಜಿಗಂಟುಗಳನ್ನು ನೋಡಿದ. ಮುಂದಿನ ಥಾನುಗಳನ್ನೆಲ್ಲ ಪಕ್ಕಕ್ಕೆ ತಳ್ಳಿ, ಒಳಗಿನ ಕಪಾಟಿನಿಂದ ಒಂದೇ ಒಂದು ಥಾನು ತಂದು ಅವಳ ಮಡಿಲಿಗಿಟ್ಟ. ಮಧ್ಯಾಹ್ನದ ಸಮುದ್ರದ ನೀರಿನ ಬಣ್ಣ. ಕೈಗೆ ತಣ್ಣಗೆ ಹತ್ತುವ ಅಪ್ಪಟ ಹತ್ತಿ.

"ಮೂರು ಮೀಟರ್" ಎಂದು ಟೇಲರಮ್ಮ ಮೂರು ಬೆರಳು ತೋರಿಸಿದಳು. ಒಂದು ಕ್ಷಣ ಯೋಚಿಸಿ, ಆರು ಬೆರಳು ಮಾಡಿದಳು. ತನಗೂ ಒಂದು ಇರಲಿ ಎಂದು.